ಮನೆ ಕಂಪ್ಯೂಟರಿಗೆ ಬಿಟ್ಟಿ ಆಂಟಿವೈರಸ್: ಹುಡುಕುವ ಮೊದಲು ಒಳಗೇನಿದೆ ನೋಡಿ

ವಿಂಡೋಸ್ 10 ಅಥವಾ 11 ಇರುವ ಕಂಪ್ಯೂಟರಿನಲ್ಲಿ ಆಂಟಿವೈರಸ್ ಆಗಲೇ ಕೂತಿದೆ. ಹೆಸರು ಮೈಕ್ರೋಸಾಫ್ಟ್ ಡಿಫೆಂಡರ್. "ಅದು ಯಾತಕ್ಕೂ ಬರಲ್ಲ, ಬೇರೆ ಹಾಕಿಸಿ" ಅನ್ನೋ ಮಾತು ವಿಂಡೋಸ್ 7ರ ಕಾಲದ್ದು. ಆಗ ಆ ಹೆಸರಿನಲ್ಲಿ ಇದ್ದದ್ದು ಬರೀ ಸ್ಪೈವೇರ್, ಅಂದರೆ ಗುಟ್ಟಾಗಿ ಮಾಹಿತಿ ಕದಿಯುವ ತಂತ್ರಾಂಶ ಹಿಡಿಯುವ ಸಲಕರಣೆ. ಪೂರ್ತಿ ಆಂಟಿವೈರಸ್ ಆದದ್ದು 2012ರಲ್ಲಿ ವಿಂಡೋಸ್ 8 ಬಂದಾಗ. ಜರ್ಮನಿಯ ಎವಿ-ಟೆಸ್ಟ್ ಪ್ರಯೋಗಾಲಯ ರಕ್ಷಣೆ, ವೇಗ, ಬಳಕೆ ಮೂರಕ್ಕೂ ತಲಾ 6ರಂತೆ 18 ಅಂಕ ಇಟ್ಟು ಪರೀಕ್ಷೆ ಮಾಡುತ್ತದೆ. ಡಿಫೆಂಡರ್ ಅಲ್ಲಿ ಎಷ್ಟೋ ಸಲ 18ಕ್ಕೆ 18 ತೆಗೆದಿದೆ.

ಆದರೆ ಇದ್ದರೆ ಸಾಲದು, ಓಡುತ್ತಿರಬೇಕು. ಸ್ಟಾರ್ಟ್ ಒತ್ತಿ ವಿಂಡೋಸ್ ಸೆಕ್ಯುರಿಟಿ ಎಂದು ಟೈಪ್ ಮಾಡಿ ತೆರೆಯಿರಿ. ವೈರಸ್ ಆಂಡ್ ಥ್ರೆಟ್ ಪ್ರೊಟೆಕ್ಷನ್, ಅದರೊಳಗೆ ಮ್ಯಾನೇಜ್ ಸೆಟ್ಟಿಂಗ್ಸ್. ಅಲ್ಲಿ ರಿಯಲ್-ಟೈಮ್ ಪ್ರೊಟೆಕ್ಷನ್, ಕ್ಲೌಡ್-ಡೆಲಿವರ್ಡ್ ಪ್ರೊಟೆಕ್ಷನ್, ಟ್ಯಾಂಪರ್ ಪ್ರೊಟೆಕ್ಷನ್ ಮೂರೂ ಆನ್ ಇರಬೇಕು. ಆಮೇಲೆ ಹಿಂದಕ್ಕೆ ಬಂದು ಆ್ಯಪ್ ಆಂಡ್ ಬ್ರೌಸರ್ ಕಂಟ್ರೋಲ್, ಅದರೊಳಗೆ ರೆಪ್ಯುಟೇಷನ್-ಬೇಸ್ಡ್ ಪ್ರೊಟೆಕ್ಷನ್. ಇಲ್ಲಿರುವ "ಪೊಟೆನ್ಷಿಯಲಿ ಅನ್‌ವಾಂಟೆಡ್ ಆ್ಯಪ್ ಬ್ಲಾಕಿಂಗ್" ಆನ್ ಮಾಡಿ. ಪಿಡಿಎಫ್ ಕನ್ವರ್ಟರ್ ಇಳಿಸಲು ಹೋದಾಗ ಜೊತೆಗೆ ನುಗ್ಗುವ ಟೂಲ್‌ಬಾರ್, ಡ್ರೈವರ್ ಅಪ್‌ಡೇಟರ್‌ಗಳನ್ನು ತಡೆಯುವುದು ಇದೇ. ಮನೆ ಕಂಪ್ಯೂಟರಿಗೆ ನಿಜವಾದ ವೈರಸ್ಸಿಗಿಂತ ಇವುಗಳ ಕಾಟವೇ ಹೆಚ್ಚು.

ಅದೇ ಮ್ಯಾನೇಜ್ ಸೆಟ್ಟಿಂಗ್ಸ್ ಪುಟದ ತಳದಲ್ಲಿ ಎಕ್ಸ್‌ಕ್ಲೂಷನ್ಸ್ ಎಂದಿದೆ. ಅಲ್ಲಿ ಇರುವ ಫೋಲ್ಡರನ್ನು ಡಿಫೆಂಡರ್ ಮುಟ್ಟುವುದಿಲ್ಲ. ಮಾಮೂಲಿ ಮನೆ ಕಂಪ್ಯೂಟರಿನಲ್ಲಿ ಈ ಪಟ್ಟಿ ಖಾಲಿ ಇರಬೇಕು. ಆದರೆ ಅಸೆಂಬಲ್ ಮಾಡಿಸಿ, ಕ್ರ್ಯಾಕ್ ಮಾಡಿದ ವಿಂಡೋಸ್ ಮತ್ತು ಆಫೀಸ್ ಹಾಕಿಸಿದ ಯಂತ್ರದಲ್ಲಿ ಇದನ್ನು ತೆರೆದು ನೋಡಿ: ಆಕ್ಟಿವೇಟರ್ (ಲೈಸೆನ್ಸ್ ಇಲ್ಲದ್ದನ್ನು ಅಸಲಿಯಂತೆ ನಡೆಸುವ ಸಲಕರಣೆ) ಇರುವ ಫೋಲ್ಡರ್, ಟೆಂಪ್ ಫೋಲ್ಡರ್, ಕೆಲವೊಮ್ಮೆ ಇಡೀ ಸಿ ಡ್ರೈವೇ ಕೂತಿರುತ್ತದೆ. ಆಕ್ಟಿವೇಟರನ್ನು ಡಿಫೆಂಡರ್ ಹಿಡಿದು ಅಳಿಸುತ್ತದೆ, ಅದಕ್ಕೇ ಹಾಕುವವರು ಮೊದಲು ಈ ಕಿಂಡಿ ತೆರೆಯುತ್ತಾರೆ. ಆಮೇಲೆ ಬರುವ ವೈರಸ್ಸೂ ಅದೇ ಕಿಂಡಿಯಲ್ಲಿ ಆರಾಮವಾಗಿ ಸಂಸಾರ ಹೂಡುತ್ತದೆ. ಇಂಥ ಯಂತ್ರಕ್ಕೆ ಯಾವ ಕಂಪನಿಯ ಆಂಟಿವೈರಸ್ ಹಾಕಿದರೂ ಪ್ರಯೋಜನ ಕಡಿಮೆ. ಸೆಟ್ಟಿಂಗ್‌ಗಳು ಮಂಕಾಗಿ, "ನಿಮ್ಮ ಸಂಸ್ಥೆ ಇದನ್ನು ನಿರ್ವಹಿಸುತ್ತಿದೆ" ಎಂಬ ಅರ್ಥದ ಸಾಲು ಕಂಡರೂ ಹಾಗೇ: ಮನೆ ಕಂಪ್ಯೂಟರಿಗೆ ಯಾವ ಸಂಸ್ಥೆ? ವಿಂಡೋಸ್ ತನ್ನ ಒಳಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ ಯಾರೋ ಕೈಯಾಡಿಸಿದ್ದಾರೆ. ಫೋಟೋ, ಕಾಗದಪತ್ರಗಳನ್ನಷ್ಟೇ ನಕಲು ಮಾಡಿಕೊಂಡು ವಿಂಡೋಸ್ ಹೊಸದಾಗಿ ಹಾಕುವುದೇ ಒಳ್ಳೆಯದು.

ಹಾಗಾದರೆ ಬೇರೆ ಬಿಟ್ಟಿ ಆಂಟಿವೈರಸ್ ಯಾರಿಗೆ ಬೇಕು? ನೆಟ್ ಅಪರೂಪಕ್ಕೆ ಇರುವ ಕಂಪ್ಯೂಟರಿಗೆ. ಡಿಫೆಂಡರ್ ಅನುಮಾನ ಬಂದ ಫೈಲಿನ ಬಗ್ಗೆ ಕ್ಲೌಡ್‌ನಲ್ಲಿ, ಅಂದರೆ ನೆಟ್ ಮೂಲಕ ಮೈಕ್ರೋಸಾಫ್ಟ್‌ನ ಸರ್ವರ್‌ಗಳಲ್ಲಿ, ಕೇಳಿ ತೀರ್ಮಾನಿಸುತ್ತದೆ. ನೆಟ್ ಇಲ್ಲದಾಗ ಅದರ ಹಿಡಿತ ಸಡಿಲ. ಅಂಥ ಕಡೆ ಬಿಟ್‌ಡಿಫೆಂಡರ್ ಫ್ರೀ ನನ್ನ ಆಯ್ಕೆ. ಇಮೇಲ್ ಕೊಟ್ಟು ಖಾತೆ ತೆರೆಯಬೇಕು, ಆಮೇಲೆ ಹೆಚ್ಚು ಸದ್ದು ಮಾಡುವುದಿಲ್ಲ.

ಅವಾಸ್ಟ್, ಎವಿಜಿ, ಅವಿರಾ ಮೂರು ಬೇರೆ ಬೇರೆ ಎಂದುಕೊಂಡು ಹೋಲಿಸುತ್ತ ಕೂರಬೇಡಿ. ನಾರ್ಟನ್ ಸಮೇತ ಎಲ್ಲವೂ ಈಗ ಜೆನ್ ಡಿಜಿಟಲ್ ಎಂಬ ಒಂದೇ ಕಂಪನಿಯವು. ವೈರಸ್ ಹಿಡಿಯುವುದರಲ್ಲಿ ಚೆನ್ನಾಗಿಯೇ ಇವೆ. ಆದರೆ ಅವಾಸ್ಟ್ ತನ್ನ ಬಳಕೆದಾರರು ಯಾವ ಯಾವ ಜಾಲತಾಣ ನೋಡಿದರು ಎಂಬ ಮಾಹಿತಿಯನ್ನು ಜಂಪ್‌ಶಾಟ್ ಎಂಬ ಅಂಗಸಂಸ್ಥೆಯ ಮೂಲಕ ಮಾರಿತ್ತು. 2020ರಲ್ಲಿ ಆ ಅಂಗಡಿ ಮುಚ್ಚಿತು, 2024ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1 ಕೋಟಿ 65 ಲಕ್ಷ ಡಾಲರ್ ಕಟ್ಟಿಸಿತು. ಬಿಟ್ಟಿ ಸಿಕ್ಕಿದ್ದಕ್ಕೆ ಬೆಲೆ ಎಲ್ಲಿಂದ ವಸೂಲಾಗಬಹುದು ಎಂಬುದಕ್ಕೆ ಹೇಳುತ್ತಿದ್ದೇನೆ. ಅದನ್ನೇ ಹಾಕುವುದಾದರೆ ಸೆಟ್ಟಿಂಗ್ಸ್, ಜನರಲ್, ಪರ್ಸನಲ್ ಪ್ರೈವಸಿಗೆ ಹೋಗಿ ಟಿಕ್‌ಗಳನ್ನು ತೆಗೆಯಿರಿ. ಇನ್‌ಸ್ಟಾಲ್ ಮಾಡುವಾಗ ಜೊತೆಗೆ ಬೇರೆ ಬ್ರೌಸರ್ ಹಾಕಲೇ ಎಂದು ಕೇಳಿದರೆ ಬೇಡ ಅನ್ನಿ.

ಎರಡು ಆಂಟಿವೈರಸ್ ಒಟ್ಟಿಗೆ ಬೇಡವೇ ಬೇಡ. ಫೈಲ್ ತೆರೆದ ಕ್ಷಣವೇ ಎರಡೂ ಅದನ್ನು ಹಿಡಿದು ಪರೀಕ್ಷಿಸಲು ಹೊರಡುತ್ತವೆ. 4 ಜಿಬಿ ರ್‍ಯಾಮ್, ಹಳೇ ಹಾರ್ಡ್‌ಡಿಸ್ಕ್ ಇದ್ದರೆ ಕಂಪ್ಯೂಟರ್ ಏದುಸಿರು ಬಿಡುತ್ತದೆ. ಬೇರೆ ಕಂಪನಿಯದು ಬಂದ ಕೂಡಲೇ ಡಿಫೆಂಡರ್ ತಾನೇ ಪಕ್ಕಕ್ಕೆ ಸರಿಯುತ್ತದೆ, ಆದರೆ ಮೂರನೆಯದು ಬಂದರೆ ಎರಡನೆಯದು ಸರಿಯುತ್ತದೆ ಎಂಬ ಭರವಸೆ ಇಲ್ಲ. ಹೊಸ ಲ್ಯಾಪ್‌ಟಾಪಿನ ಜೊತೆ ಬಂದ ಟ್ರಯಲ್ ಆಂಟಿವೈರಸ್ ಅವಧಿ ಮುಗಿದ ಮೇಲೂ ಅಲ್ಲೇ ಕೂತಿದ್ದರೆ ತೆಗೆದುಹಾಕಿ. ಮಾಮೂಲಿ ಅನ್‌ಇನ್‌ಸ್ಟಾಲ್‌ಗೆ ಬಗ್ಗದಿದ್ದರೆ ಆಯಾ ಕಂಪನಿಯದೇ ರಿಮೂವಲ್ ಟೂಲ್ ಇರುತ್ತದೆ: ಮೆಕಾಫಿಗೆ ಎಂಸಿಪಿಆರ್, ಅವಾಸ್ಟ್‌ಗೆ ಅವಾಸ್ಟ್ ಕ್ಲಿಯರ್. ಈಗ ಯಾವುದು ಕಾವಲಿದೆ ಎಂದು ತಿಳಿಯಲು ವಿಂಡೋಸ್ ಸೆಕ್ಯುರಿಟಿಯ ಸೆಟ್ಟಿಂಗ್ಸ್‌ನಲ್ಲಿ ಮ್ಯಾನೇಜ್ ಪ್ರೊವೈಡರ್ಸ್ ನೋಡಿ.

ಮಾಲ್‌ವೇರ್‌ಬೈಟ್ಸ್‌ನ ಬಿಟ್ಟಿ ಆವೃತ್ತಿ ಕಾವಲು ಕಾಯುವುದಿಲ್ಲ, ಕರೆದಾಗ ಬಂದು ಗುಡಿಸಿ ಹೋಗುತ್ತದೆ. ಡಿಫೆಂಡರ್ ಜೊತೆ ಇರಬಹುದು. ಹಾಕಿದಾಗ ಶುರುವಾಗುವ ಪ್ರೀಮಿಯಂ ಟ್ರಯಲ್ ಮಾತ್ರ ನಿಲ್ಲಿಸಿ. ನಮ್ಮ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2017ರಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದ ತಾಣದಲ್ಲೂ ಬಾಟ್ (ಕಂಪ್ಯೂಟರನ್ನು ದೂರದಿಂದ ಬೇರೆಯವರ ಕೈಗೊಂಬೆ ಮಾಡುವ ತಂತ್ರಾಂಶ) ತೆಗೆಯುವ ಉಚಿತ ಸಲಕರಣೆಗಳಿವೆ. ಅವೂ ಗುಡಿಸುವ ಜಾತಿಯವೇ.

ಪೆನ್‌ಡ್ರೈವ್ ವಿಷಯ. ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ತಂದ ಪೆನ್‌ಡ್ರೈವಿನಲ್ಲಿ ಫೋಲ್ಡರುಗಳೆಲ್ಲ ಮಾಯವಾಗಿ ಬಾಣದ ಗುರುತಿನ ಶಾರ್ಟ್‌ಕಟ್‌ಗಳು ಕಂಡರೆ ಅವುಗಳ ಮೇಲೆ ಡಬಲ್ ಕ್ಲಿಕ್ ಮಾಡಬೇಡಿ, ಫಾರ್ಮ್ಯಾಟೂ ಮಾಡಬೇಡಿ. ಫೈಲುಗಳು ಅಲ್ಲೇ ಇವೆ, ವೈರಸ್ ಬಚ್ಚಿಟ್ಟಿದೆ ಅಷ್ಟೆ. ಮೊದಲು ಪೆನ್‌ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಫೆಂಡರ್‌ನಿಂದ ಸ್ಕ್ಯಾನ್ ಮಾಡಿಸಿ. ಆಮೇಲೆ ಫೋಲ್ಡರ್ ಆಪ್ಷನ್ಸ್‌ನ ವ್ಯೂ ಪುಟದಲ್ಲಿ ಹಿಡನ್ ಫೈಲ್ ತೋರಿಸುವ ಆಯ್ಕೆ ಒತ್ತಿ, "ಹೈಡ್ ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಮ್ ಫೈಲ್ಸ್" ಟಿಕ್ ತೆಗೆಯಿರಿ. ಕೆಲವು ಸಲ ಎಲ್ಲವನ್ನೂ ಹೆಸರೇ ಇಲ್ಲದಂತೆ ಕಾಣುವ ಒಂದು ಫೋಲ್ಡರಿಗೆ ತುರುಕಿರುತ್ತದೆ. ನಿಮ್ಮ ಫೈಲುಗಳನ್ನಷ್ಟೇ ಹೊರಗೆ ನಕಲಿಸಿ, ಶಾರ್ಟ್‌ಕಟ್ ಅಳಿಸಿ, ಆಮೇಲೆ ಬೇಕಾದರೆ ಫಾರ್ಮ್ಯಾಟ್.

ಪರದೆಯ ಬಲಮೂಲೆಯಲ್ಲಿ "ನಿಮ್ಮ ಆಂಟಿವೈರಸ್ ಅವಧಿ ಮುಗಿದಿದೆ, 5 ವೈರಸ್ ಸಿಕ್ಕಿವೆ" ಎಂದು ಪದೇ ಪದೇ ಬರುತ್ತಿದೆಯೇ? ಆ ಪೆಟ್ಟಿಗೆಯಲ್ಲಿ ಸಣ್ಣಕ್ಷರದಲ್ಲಿ ಕ್ರೋಮ್ ಹೆಸರು, ಯಾವುದೋ ಜಾಲತಾಣದ ವಿಳಾಸ ಇದ್ದರೆ ಅದು ಆಂಟಿವೈರಸ್ಸಿನ ಮಾತಲ್ಲ. ಯಾವಾಗಲೋ ಒಂದು ತಾಣ ನೋಟಿಫಿಕೇಷನ್ ಕಳಿಸಲೇ ಎಂದು ಕೇಳಿದಾಗ "ಅಲೋ" (ಅನುಮತಿ) ಒತ್ತಿದ ಫಲ. ಕ್ರೋಮ್ ಸೆಟ್ಟಿಂಗ್ಸ್‌ನ ಪ್ರೈವಸಿ ಆಂಡ್ ಸೆಕ್ಯುರಿಟಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಷನ್ಸ್‌ನಲ್ಲಿ ಆ ತಾಣವನ್ನು ಅಳಿಸಿದರೆ ಮುಗಿಯಿತು. ಇದಕ್ಕೆ ದುಡ್ಡು ಕೊಟ್ಟು ಆಂಟಿವೈರಸ್ ಕೊಂಡವರು ಬೇಕಾದಷ್ಟು ಜನ.

ವಿಂಡೋಸ್ 10ರವರಿಗೆ ಒಂದು ಮಾತು. ಅದರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ಡಿಫೆಂಡರ್‌ಗೆ ವೈರಸ್ ಪಟ್ಟಿ 2028ರ ಅಕ್ಟೋಬರ್‌ವರೆಗೆ ಬರುತ್ತದೆ ಎಂದು ಮೈಕ್ರೋಸಾಫ್ಟ್ ಹೇಳಿದೆ, ನಿಜ. ಆದರೆ ವಿಂಡೋಸ್‌ನಲ್ಲೇ ಬಿದ್ದ ತೂತನ್ನು ಆ ಪಟ್ಟಿ ಮುಚ್ಚುವುದಿಲ್ಲ.

ಎಲ್ಲ ಹೊಂದಿಸಿದ ಮೇಲೆ ಪರೀಕ್ಷೆ ಮಾಡಿ. ಐಕಾರ್ ಸಂಸ್ಥೆಯ ಜಾಲತಾಣದಲ್ಲಿ 68 ಅಕ್ಷರಗಳ ಒಂದು ಸಾಲಿದೆ. ಅದು ವೈರಸ್ ಅಲ್ಲ, ಯಾವ ಹಾನಿಯೂ ಇಲ್ಲ, ಆದರೆ ಆಂಟಿವೈರಸ್‌ಗಳೆಲ್ಲ ಅದನ್ನು ವೈರಸ್ಸಿನಂತೆಯೇ ಹಿಡಿಯಬೇಕು ಎಂದು ಒಪ್ಪಿಕೊಂಡಿವೆ. ನೋಟ್‌ಪ್ಯಾಡಿಗೆ ಆ ಸಾಲನ್ನು ಅಂಟಿಸಿ, ಡೆಸ್ಕ್‌ಟಾಪಿನಲ್ಲಿ ಸೇವ್ ಮಾಡಿ. ಕೆಲವೇ ಸೆಕೆಂಡಿನಲ್ಲಿ ಎಚ್ಚರಿಕೆ ಬಂದು ಫೈಲ್ ಮಾಯವಾಗಬೇಕು. ಏನೂ ಆಗದೆ ಫೈಲ್ ಅಲ್ಲೇ ಕೂತಿದ್ದರೆ, ಮತ್ತೆ ಎಕ್ಸ್‌ಕ್ಲೂಷನ್ಸ್ ಪಟ್ಟಿಯಿಂದ ಶುರುಮಾಡಿ.