ದೊಡ್ಡ ಫೈಲುಗಳಿಗೆ ಬೇರೆ ದಾರಿ

ಗುರುವಾರ, 18 ಜನವರಿ 2024

ನಮ್ಮ ಹುಡುಕಾಟ ಸೇವೆಯ ಇಂಡೆಕ್ಸ್ ಫೈಲು ಈಗ 4 ಗಿಗಾಬೈಟ್ ಮುಟ್ಟಿದೆ. ವಾರಕ್ಕೊಮ್ಮೆ ಹೊಸದಾಗಿ ಸಿದ್ಧವಾಗುವ ಈ ಫೈಲು 200 ಸರ್ವರ್‌ಗಳಿಗೂ ತಲುಪಬೇಕು. ಇದುವರೆಗೆ ಆ ಹೊಣೆಯನ್ನು, ಹಲವು ಸರ್ವರ್‌ಗಳನ್ನು ಒಂದೇ ಕಡೆಯಿಂದ ಸಜ್ಜುಗೊಳಿಸುವ ಆನ್ಸಿಬಲ್ ಎಂಬ ಸಾಧನದ ಕಾಪಿ ಮಾಡ್ಯೂಲೇ (ಫೈಲು ನಕಲಿಸುವ ಅದರ ಭಾಗ) ಹೊತ್ತಿತ್ತು. ಇನ್ನು ಮುಂದೆ ಬೇಡವೆಂದು ಇಂದು ತಂಡದಲ್ಲಿ ತೀರ್ಮಾನಿಸಿದೆವು. ಇದೇ ಪ್ರಶ್ನೆ ಎದುರಾದ ಬೇರೆಯವರಿಗೂ ಉಪಯೋಗವಾಗಲೆಂದು ಕಾರಣಗಳನ್ನು ವಿವರವಾಗಿ ಬರೆದಿಡುತ್ತಿದ್ದೇನೆ.

ಮೊದಲನೆಯದು ನೇರ ಲೆಕ್ಕ. 200 ಸರ್ವರ್‌ಗಳಿಗೆ ತಲಾ 4 ಗಿಗಾಬೈಟ್ ಎಂದರೆ ಒಟ್ಟು 800 ಗಿಗಾಬೈಟ್. ಆನ್ಸಿಬಲ್ ನಡೆಯುವ ಯಂತ್ರಕ್ಕಿರುವುದು 1 ಗಿಗಾಬಿಟ್ ಸಂಪರ್ಕ. ಅದರಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 125 ಮೆಗಾಬೈಟ್ ಸಾಗುತ್ತದೆ. ಯಾವ ಅಡಚಣೆಯೂ ಇಲ್ಲದಿದ್ದರೂ 6,400 ಸೆಕೆಂಡು, ಅಂದರೆ ಹತ್ತಿರಹತ್ತಿರ ಒಂದು ಮುಕ್ಕಾಲು ಗಂಟೆ ಬೇಕು. ಏಕಕಾಲಕ್ಕೆ 5 ಸರ್ವರ್‌ಗಳನ್ನು ಮಾತ್ರ ನೋಡಿಕೊಳ್ಳುವ ಆನ್ಸಿಬಲ್‌ನ ಮೂಲ ಮಿತಿಯನ್ನು 50ಕ್ಕೆ ಏರಿಸೋಣವೆಂಬ ಸಲಹೆ ಬಂದಿತ್ತು. ಆದರೆ ತಂತಿಯ ಅಗಲ ಅಷ್ಟೇ ಇರುವಾಗ ಮಿತಿ ಏರಿಸಿದರೆ ಪ್ರತಿ ಸರ್ವರಿನ ಪಾಲು ಕುಗ್ಗುತ್ತದೆಯೇ ಹೊರತು ಒಟ್ಟು ಸಮಯ ಕಡಿಮೆಯಾಗುವುದಿಲ್ಲ.

ಡಿಸ್ಕಿನ ಮೇಲೆ ನಡೆಯುವುದು ಇದಕ್ಕಿಂತ ಚಿಂತೆಯ ವಿಷಯ. ಕಾಪಿ ಮಾಡ್ಯೂಲು ಫೈಲನ್ನು ಮೊದಲು ಲಾಗಿನ್ ಆದ ಬಳಕೆದಾರನ ಹೋಮ್ ಡೈರೆಕ್ಟರಿಯೊಳಗಿನ ತಾತ್ಕಾಲಿಕ ಜಾಗಕ್ಕೆ ಇಳಿಸಿ, ಆಮೇಲೆ ನಿಜವಾದ ಸ್ಥಳಕ್ಕೆ ಸಾಗಿಸುತ್ತದೆ. ಹೋಮ್ ಮತ್ತು ಡೇಟಾ ಡಿಸ್ಕಿನ ಬೇರೆ ಬೇರೆ ವಿಭಾಗಗಳಲ್ಲಿ, ಅಂದರೆ ಪಾರ್ಟಿಷನ್‌ಗಳಲ್ಲಿ, ಇದ್ದರೆ ಆ ಸಾಗಣೆಯೂ ಇನ್ನೊಂದು ಪೂರ್ಣ ನಕಲೇ ಆಗುತ್ತದೆ. ಇಂದು ಮಧ್ಯಾಹ್ನ ನಿಂತುಹೋದ ಒಂದು ಸರ್ವರಿನಲ್ಲಿ ಡಿಸ್ಕಿನಲ್ಲಿ ಉಳಿದ ಜಾಗ ತೋರಿಸುವ ಡಿಎಫ್ ಕಮಾಂಡ್ ಕೊಟ್ಟಾಗ ಡೇಟಾ ಪಾರ್ಟಿಷನ್ನಿನಲ್ಲಿ ಧಾರಾಳವಾಗಿ ಜಾಗವಿದ್ದರೂ ಹೋಮ್ ಪಾರ್ಟಿಷನ್ ನೂರಕ್ಕೆ ನೂರು ತುಂಬಿತ್ತು. ಹಿಂದೊಮ್ಮೆ ಸಂಪರ್ಕ ನಡುವೆ ಕಡಿದಾಗ ಉಳಿದುಹೋದ ಅರ್ಧ ಫೈಲು ಆ ತಾತ್ಕಾಲಿಕ ಡೈರೆಕ್ಟರಿಯಲ್ಲಿ ಹಾಗೆಯೇ ಬಿದ್ದಿತ್ತು.

ಇದೇ ಬಗೆಯ ಇನ್ನೊಂದು ಸಾಧನವಾದ ಪಪೆಟ್‌ನಲ್ಲಿ ತೊಂದರೆಯ ರೂಪ ಬೇರೆ. ಪ್ರತಿ ಸರ್ವರಿನಲ್ಲಿರುವ ಅದರ ಏಜೆಂಟು ಸಾಮಾನ್ಯವಾಗಿ 30 ನಿಮಿಷಕ್ಕೊಮ್ಮೆ ಓಡುತ್ತದೆ. ಫೈಲಿನ ಒಳಗನ್ನು ಚೆಕ್‌ಸಮ್‌ನಿಂದ (ಬೈಟುಗಳಿಂದ ಲೆಕ್ಕಹಾಕಿದ ಗುರುತು ಸಂಖ್ಯೆಯಿಂದ) ಪರೀಕ್ಷಿಸಲು ಹೇಳಿದ್ದರೆ, ಏನೂ ಬದಲಾಗಿಲ್ಲವೆಂದು ಖಚಿತಪಡಿಸಿಕೊಳ್ಳಲಿಕ್ಕೇ ದಿನಕ್ಕೆ 48 ಸಲ 4 ಗಿಗಾಬೈಟನ್ನು ಓದಬೇಕಾಗುತ್ತದೆ. ಮೊದಲ 512 ಬೈಟುಗಳನ್ನಷ್ಟೇ ನೋಡುವ ಹಗುರ ಚೆಕ್‌ಸಮ್ ಆಯ್ಕೆಗಳು ಅದರಲ್ಲಿ ಇವೆ, ನಿಜ. ಆದರೆ ಪ್ರತಿ ವಾರವೂ ಒಂದೇ ಬಗೆಯ ತಲೆಬರಹದಿಂದ ಆರಂಭವಾಗುವ ನಮ್ಮಂಥ ಇಂಡೆಕ್ಸಿಗೆ ಅವನ್ನು ನಂಬುವುದು ಅಪಾಯಕಾರಿ.

ಇದು ಈ ಸಲಕರಣೆಗಳ ದೋಷವೆಂದು ನಾನು ಭಾವಿಸುವುದಿಲ್ಲ. ಯಾವ ಸರ್ವರು ಯಾವ ಸ್ಥಿತಿಯಲ್ಲಿರಬೇಕು ಎಂದು ಹೇಳುವುದು ಅವುಗಳ ಕೆಲಸ. ಅವುಗಳಿಂದ ಸರಕು ಸಾಗಿಸುವುದೆಂದರೆ ಲಗ್ನಪತ್ರಿಕೆ ಹಂಚಲು ಹೊರಟವನ ಹೆಗಲಿಗೆ ಅಕ್ಕಿ ಮೂಟೆಯನ್ನೂ ಏರಿಸಿದಂತೆ. ಆದ್ದರಿಂದ ನಮ್ಮ ಹೊಸ ವ್ಯವಸ್ಥೆಯಲ್ಲಿ ಆನ್ಸಿಬಲ್ ಪ್ರತಿ ಸರ್ವರಿನಲ್ಲೂ ಎರಡು ಸಾಲಿನ ಒಂದು ಪುಟ್ಟ ಫೈಲನ್ನಷ್ಟೇ ಬರೆಯುತ್ತದೆ: ಬೇಕಾದ ಆವೃತ್ತಿಯ ಹೆಸರು ಮತ್ತು ಅದರ ಎಸ್‌ಎಚ್‌ಎ-256 ಮೊತ್ತ (ಒಂದು ಬಗೆಯ ಚೆಕ್‌ಸಮ್). ಅದನ್ನು ಓದಿದ ಸರ್ವರು ಇಂಡೆಕ್ಸನ್ನು ಎಚ್‌ಟಿಟಿಪಿ ಮೂಲಕ ತಾನೇ ತರಿಸಿಕೊಂಡು, ಮೊತ್ತ ತಾಳೆಯಾದರೆ ಮಾತ್ರ ಬಳಕೆಗೆ ತರುತ್ತದೆ. ಪ್ರತಿ ಆವೃತ್ತಿಗೂ ಪ್ರತ್ಯೇಕ ಹೆಸರಿರುತ್ತದೆ ಮತ್ತು ಇರುವ ಫೈಲಿನ ಮೇಲೆ ಎಂದೂ ಬರೆಯುವುದಿಲ್ಲ. ಹೊಸದಕ್ಕೆ ತಿರುಗುವಾಗ ಸಿಮ್‌ಲಿಂಕನ್ನು (ಇನ್ನೊಂದು ಫೈಲಿನತ್ತ ಬೊಟ್ಟುಮಾಡುವ ಕೊಂಡಿಯನ್ನು) ಬೇರೆ ಹೆಸರಿನಲ್ಲಿ ಸೃಷ್ಟಿಸಿ, ಹಳೆಯದರ ಮೇಲೆ ರಿನೇಮ್ ಮಾಡುತ್ತೇವೆ. ಒಂದೇ ಫೈಲ್‌ಸಿಸ್ಟಮ್ಮಿನೊಳಗೆ ರಿನೇಮ್ ಅವಿಭಾಜ್ಯ ಕ್ರಿಯೆಯಾದ್ದರಿಂದ ಓದುವ ಪ್ರಕ್ರಿಯೆಗೆ ಹಳೆಯದು ಸಿಗುತ್ತದೆ, ಇಲ್ಲವೇ ಹೊಸದು. ಅರ್ಧಂಬರ್ಧ ಫೈಲು ಎಂದಿಗೂ ಸಿಗುವುದಿಲ್ಲ. ಹಿಂದಿನ ಆವೃತ್ತಿ ಪಕ್ಕದಲ್ಲೇ ಇರುವುದರಿಂದ ಹಿಂತಿರುಗುವುದೂ ಕ್ಷಣದ ಕೆಲಸ.

ಆರ್‌ಸಿಂಕ್ ಕುರಿತೂ ಬಹಳ ಹೊತ್ತು ಚರ್ಚಿಸಿದೆವು. ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮೆಕೆರಸ್ 1996ರಲ್ಲಿ ಹೊರತಂದ ಈ ಸಾಧನದ ಸೊಗಸೇ ಬದಲಾದ ತುಂಡುಗಳನ್ನಷ್ಟೇ ಕಳಿಸುವುದರಲ್ಲಿದೆ. ಆನ್ಸಿಬಲ್‌ನ ಸಿಂಕ್ರೊನೈಸ್ ಮಾಡ್ಯೂಲು ಅದನ್ನೇ ಬಳಸುತ್ತದೆ. ಆದರೆ ನಮ್ಮ ಇಂಡೆಕ್ಸು ಕುಗ್ಗಿಸಿದ ಫೈಲು. ಮೂಲದಲ್ಲಿ ಒಂದು ಸಾಲು ಬದಲಾದರೂ ಆ ಸ್ಥಳದಿಂದ ಮುಂದಿನ ಬೈಟುಗಳೆಲ್ಲ ಬೇರೆಯಾಗಬಹುದು, ಆಗ ಉಳಿತಾಯವೇನೂ ಇರುವುದಿಲ್ಲ.

ಪಡೆದ ತುಂಡುಗಳನ್ನು ಸರ್ವರ್‌ಗಳೇ ಪರಸ್ಪರ ಹಂಚಿಕೊಳ್ಳುವ ಬಿಟ್‌ಟೊರೆಂಟ್ ಮಾದರಿಯೂ ಇದೆ. ಟ್ವಿಟ್ಟರ್ 2010ರಲ್ಲಿ ಪ್ರಕಟಿಸಿದ ಮರ್ಡರ್ ಎಂಬ ಸಾಧನ ಇದೇ ತತ್ತ್ವದ್ದು, ಊಬರ್‌ನ ಕ್ರಾಕನ್ ಕೂಡ. ಸಾವಿರಾರು ಸರ್ವರ್‌ಗಳಿದ್ದಲ್ಲಿ ನಾನೂ ಅದನ್ನೇ ಆರಿಸುತ್ತಿದ್ದೆ. 200 ಸರ್ವರ್‌ಗಳಿಗಾಗಿ ಪರಸ್ಪರ ಎಲ್ಲರ ನಡುವೆ ಪೋರ್ಟು ತೆರೆಯುವುದು ಅನಗತ್ಯ. ಎಂಜಿನ್ಎಕ್ಸ್ ಎಂಬ ವೆಬ್ ಸರ್ವರಿನ ಕ್ಯಾಶ್ (ತಂದ ಫೈಲನ್ನು ಇಟ್ಟುಕೊಂಡು ಮತ್ತೆ ಕೊಡುವ ಸಂಗ್ರಹ) ಇರುವ ಮೂರು ಯಂತ್ರಗಳು ಹೊರೆ ಹಂಚಿಕೊಂಡರೆ ಕೆಲಸ ಸುಮಾರು 36 ನಿಮಿಷಕ್ಕೆ ಇಳಿಯುತ್ತದೆ. ಎಲ್ಲ ಸರ್ವರ್‌ಗಳೂ ಒಟ್ಟಿಗೆ ನುಗ್ಗದಂತೆ ಲಿನಕ್ಸಿನಲ್ಲಿ ಕೆಲಸಗಳನ್ನು ನಿಗದಿತ ಹೊತ್ತಿಗೆ ಆರಂಭಿಸುವ ಸಿಸ್ಟಮ್‌ಡಿ ಟೈಮರಿನಲ್ಲಿ ಹತ್ತು ನಿಮಿಷದವರೆಗಿನ ಯಾದೃಚ್ಛಿಕ ವಿಳಂಬ ಇಟ್ಟಿದ್ದೇವೆ.

ಎರಡು ವಿಷಯ ಇನ್ನೂ ಉಳಿದಿವೆ. ಹಳೆಯ ಆವೃತ್ತಿಗಳನ್ನು ಅಳಿಸುವ ಸ್ಕ್ರಿಪ್ಟು, ಸಿಮ್‌ಲಿಂಕ್ ತೋರಿಸುತ್ತಿರುವ ಫೈಲನ್ನು ಯಾವ ಕಾರಣಕ್ಕೂ ಮುಟ್ಟಬಾರದು. ಆ ಪರೀಕ್ಷೆಯನ್ನು ನಾಳೆ ಬರೆಯಬೇಕು. ಮೊತ್ತದ ಪೂರ್ಣ ಮರುಪರಿಶೀಲನೆಯನ್ನು ವಾರಕ್ಕೊಂದು ರಾತ್ರಿ, ಕಡಿಮೆ ಆದ್ಯತೆಯಲ್ಲಿ ನಡೆಸಬೇಕು. ಮುಂದಿನ ಇಂಡೆಕ್ಸನ್ನು ಮೊದಲು ಒಂದೇ ರ್‍ಯಾಕಿನ ಸರ್ವರ್‌ಗಳಿಗೆ ಈ ದಾರಿಯಲ್ಲಿ ಕಳಿಸಿ ನೋಡುತ್ತೇವೆ.