ರಜೆಗೆ ಊರಿಗೆ ಬಂದಾಗ ನೋಡಿಸಿದರಾಯಿತು

ಕಳೆದ ವಾರ ಇಳಕಲ್ಲಿನಿಂದ ದೂರದ ಸಂಬಂಧಿಕರ ಹುಡುಗನೊಬ್ಬ ಬಾಗಲಕೋಟೆಯ ನವನಗರದಲ್ಲಿರುವ ನಮ್ಮ ಮನೆಗೆ ಬಂದಿದ್ದ. ಮುಂದಿನ ತಿಂಗಳು ಮೊದಲ ಸಲ ದುಬೈಗೆ ಹೊರಟಿದ್ದಾನೆ. ಎರಡು ವರ್ಷದಿಂದ ಥೈರಾಯ್ಡ್ ಗುಳಿಗೆ ತೆಗೆದುಕೊಳ್ಳುತ್ತಾನೆ. ಒಯ್ಯಬೇಕಾದ ಸಾಮಾನುಗಳನ್ನು ಬರೆದುಕೊಂಡು ಬಂದ ಚೀಟಿಯಲ್ಲಿ ಶೇಂಗಾ ಹಿಂಡಿ, ಕಡಕ್ ರೊಟ್ಟಿ, ಎರಡು ಚಾದರಗಳ ಕೆಳಗೆ "ಗುಳಿಗೆ, ಒಂದು ವರ್ಷದ್ದು" ಎಂದಿತ್ತು. ನಾನು ಅಲ್ಲಿ ಎಂಟು ವರ್ಷ ದುಡಿದು ಬಂದವನು. ಹೊರಡುವಾಗ ನನ್ನ ಚೀಟಿಯಲ್ಲಿಯೂ ಇಂಥದೇ ಸಾಲಿತ್ತು. 2020ರಲ್ಲಿ ಆ ಸಾಲು ನನ್ನನ್ನು ಎಲ್ಲಿಗೆ ತಂದು ನಿಲ್ಲಿಸಿತ್ತು ಎಂಬುದನ್ನು ಅವನಿಗೆ ಹೇಳುತ್ತ ಹೋದಾಗ, ಬರೆದಿಡಬೇಕು ಎನ್ನಿಸಿತು.

ಕೊಲ್ಲಿ ದೇಶಗಳಲ್ಲಿ ದುಡಿಯುವ ನಮ್ಮಂಥವರ ಆಸ್ಪತ್ರೆ ನಿಜವಾಗಿ ಊರಿನಲ್ಲಿರುತ್ತದೆ. ಹಲ್ಲು ನೋಯಲಿ, ಕನ್ನಡಕದ ನಂಬರು ಬದಲಾಗಲಿ, ಮೊಣಕಾಲು ಹಿಡಿದುಕೊಳ್ಳಲಿ, ಎಲ್ಲಕ್ಕೂ ಒಂದೇ ಉತ್ತರ: "ರಜೆಗೆ ಹೋದಾಗ ನೋಡಿಸಿದರಾಯಿತು." ದುಬೈಯಲ್ಲಿ 2013ರ ಕಾನೂನಿನ ಪ್ರಕಾರ ಪ್ರತಿ ನೌಕರನಿಗೂ ಮಾಲೀಕರೇ ಆರೋಗ್ಯ ವಿಮೆ ಮಾಡಿಸಬೇಕು. ನನ್ನ ಬಳಿಯೂ ಕಾರ್ಡ್ ಇತ್ತು, ವರ್ಷಕ್ಕೆ ಒಂದೂವರೆ ಲಕ್ಷ ದಿರ್ಹಮ್‌ವರೆಗೆ ಅದು ನಡೆಯುತ್ತಿತ್ತು. ಆದರೆ ವೈದ್ಯರನ್ನು ಕಂಡಾಗಲೆಲ್ಲ ಶುಲ್ಕದ ಶೇಕಡ 20ರಷ್ಟನ್ನು, ಔಷಧಕ್ಕೆ ಅದಕ್ಕಿಂತ ಹೆಚ್ಚಿನ ಪಾಲನ್ನು ಕೈಯಿಂದ ಕೊಡಬೇಕಿತ್ತು. ಒಂದು ದಿರ್ಹಮ್ ಎಂದರೆ ಇಪ್ಪತ್ತು ರೂಪಾಯಿ ಎಂಬ ಲೆಕ್ಕ ತಲೆಯಲ್ಲಿ ಸದಾ ಓಡುತ್ತಿರುವಾಗ, ಅಲ್ಲಿ ಐವತ್ತು ದಿರ್ಹಮ್ ಕೊಡುವ ಬದಲು ಬಾಗಲಕೋಟೆಯ ಮೆಡಿಕಲ್ ಅಂಗಡಿಯಿಂದ ವರ್ಷದ ಗುಳಿಗೆಗಳನ್ನು ಒಮ್ಮೆಲೇ ತಂದಿಟ್ಟುಕೊಳ್ಳುವುದೇ ಜಾಣತನವೆಂದು ನಾವೆಲ್ಲರೂ ನಂಬಿದ್ದೆವು.

ನನಗೆ ರಕ್ತದೊತ್ತಡವಿದೆ. ದಿನಕ್ಕೊಂದು ಟೆಲ್ಮಿಸಾರ್ಟಾನ್. 2020ರ ಏಪ್ರಿಲ್ ಮೊದಲ ವಾರಕ್ಕೆ ರಜೆ ಮಂಜೂರಾಗಿತ್ತು, ಟಿಕೆಟ್ ಕೈಯಲ್ಲಿತ್ತು, ಗುಳಿಗೆಗಳೂ ಅಲ್ಲಿಯವರೆಗೆ ಸರಿಯಾಗಿ ಸಾಲುವಷ್ಟಿದ್ದವು. ಮಾರ್ಚ್ 22ರಿಂದ ಭಾರತಕ್ಕೆ ಬರುವ ವಿಮಾನಗಳೆಲ್ಲ ನಿಂತವು. ಆ ರಾತ್ರಿ ದುಬೈಯ ದೇರಾ ಭಾಗದ ನಮ್ಮ ಕೋಣೆಯಲ್ಲಿ, ಮೂರು ಅಂತಸ್ತಿನ ಕಬ್ಬಿಣದ ಮಂಚದ ನಡುವಿನ ಹಾಸಿಗೆಯ ಮೇಲೆ, ಗುಳಿಗೆಗಳನ್ನು ಎಣಿಸಿದೆ. ಹತ್ತೊಂಬತ್ತು. ವಿಮಾನ ಯಾವಾಗ ಹಾರುತ್ತದೆಂದು ಯಾರಿಗೂ ತಿಳಿದಿರಲಿಲ್ಲವಾದ್ದರಿಂದ, ದಿನ ಬಿಟ್ಟು ದಿನ ತೆಗೆದುಕೊಂಡರೆ ಮೂವತ್ತೆಂಟು ದಿನ ಬರುತ್ತದೆ ಎಂದು ನನ್ನಷ್ಟಕ್ಕೆ ನಾನೇ ತೀರ್ಮಾನಿಸಿದೆ. ಯಾರನ್ನೂ ಕೇಳಲಿಲ್ಲ. ಅದು ದೊಡ್ಡ ತಪ್ಪು, ಈಗಲೂ ನೆನೆದರೆ ಎದೆ ಝಲ್ಲೆನ್ನುತ್ತದೆ.

ಕೋಣೆಯಲ್ಲಿ ಆರು ಜನರಿದ್ದೆವು. ನಮ್ಮಿಂದ ಸ್ವಲ್ಪವೇ ದೂರದ ಅಲ್ ರಾಸ್ ಭಾಗವನ್ನು ಮಾರ್ಚ್ 31ರಿಂದ ಪೂರ್ತಿ ಬಂದ್ ಮಾಡಿದರು. ಏಪ್ರಿಲ್ 4ರಿಂದ ಇಡೀ ದುಬೈಯಲ್ಲಿ ದಿನದ ಇಪ್ಪತ್ನಾಲ್ಕೂ ಗಂಟೆ ಹೊರಗೆ ಕಾಲಿಡುವಂತಿರಲಿಲ್ಲ. ದಿನಸಿಗೋ ಔಷಧಕ್ಕೋ ಹೋಗಲು ಆನ್‌ಲೈನ್ ಪರವಾನಿಗೆ ಬೇಕಿತ್ತು. ಅಂತರ ಕಾಯ್ದುಕೊಳ್ಳಿ ಎಂಬ ಸಂದೇಶ ಮೊಬೈಲಿಗೆ ದಿನವೂ ಬರುತ್ತಿತ್ತು, ಆದರೆ ನನ್ನ ಮೇಲಿನ ಹಾಸಿಗೆಯವನು ಮಗ್ಗಲು ಬದಲಿಸಿದರೆ ನನ್ನ ಮಂಚ ಅಲುಗಾಡುತ್ತಿತ್ತು. ಒಬ್ಬನಿಗೆ ಕೆಮ್ಮು ಬಂದರೆ ಉಳಿದ ಐವರು ಸುಮ್ಮನಾಗುತ್ತಿದ್ದರು. ಸಹಾಯವಾಣಿಗೆ ಕರೆ ಮಾಡಿದರೆ ಎಲ್ಲರನ್ನೂ ಒಯ್ದು ಕ್ವಾರಂಟೈನ್ ಮಾಡುತ್ತಾರೆ, ಆಮೇಲೆ ಕೆಲಸ ಉಳಿಯುತ್ತದೋ ಇಲ್ಲವೋ ಎಂಬ ಭಯ ಜ್ವರದ ಭಯಕ್ಕಿಂತ ದೊಡ್ಡದಾಗಿತ್ತು. ಆ ಹೊತ್ತಿಗೆ ಕಂಪನಿ ಸಂಬಳವನ್ನು ಅರ್ಧಕ್ಕೆ ಇಳಿಸುವ ಕಾಗದಕ್ಕೆ ನಮ್ಮ ಸಹಿ ಪಡೆದಿತ್ತು.

ಊರಿನ ಚಿಂತೆ ಬೇರೆ. ದೇಶದ ಮೊದಲ ಕೋವಿಡ್ ಸಾವು ಮಾರ್ಚಿನಲ್ಲಿ ಕಲಬುರಗಿಯಲ್ಲಿ ಸಂಭವಿಸಿತ್ತು, ತೀರಿಕೊಂಡ ಹಿರಿಯರು ಸೌದಿಯಿಂದ ಮರಳಿದವರಾಗಿದ್ದರು. ಅಂದಿನಿಂದ ನಮ್ಮ ಓಣಿಯಲ್ಲಿ ಅವ್ವನನ್ನು ಕಂಡವರೆಲ್ಲ ಮೊದಲು ಕೇಳುತ್ತಿದ್ದುದು "ಮಗ ಬಂದಾನೇನು?" ಎಂದು. ಬಂದಿಲ್ಲ ಎಂದರೆ ಅವರ ಮುಖದಲ್ಲಿ ಕಾಣುತ್ತಿದ್ದ ನೆಮ್ಮದಿ ಅವಳನ್ನು ಬಹಳ ನೋಯಿಸಿತ್ತು. ಏಪ್ರಿಲ್ ಆರಂಭದಲ್ಲಿ ಬಾಗಲಕೋಟೆಯಲ್ಲಿಯೂ ಮೊದಲ ಸಾವಾಗಿ ಹಳೇ ಊರಿನ ಕೆಲವು ಭಾಗಗಳನ್ನು ಸೀಲ್ ಮಾಡಿದರು. ಅಪ್ಪನಿಗೆ ಸಕ್ಕರೆ ಕಾಯಿಲೆ. ಆಲಮಟ್ಟಿಯ ಹಿನ್ನೀರಿಗೆ ಮನೆ ಬಿಟ್ಟು ನವನಗರಕ್ಕೆ ಬಂದರೂ ಅವನು ಔಷಧ ತರುತ್ತಿದ್ದುದು ಹಳೇ ಊರಿನ ಪರಿಚಯದ ಅಂಗಡಿಯಿಂದಲೇ. ಈಗ ಆ ದಾರಿಯೂ ಮುಚ್ಚಿತು. ಕೊನೆಗೆ ನನ್ನ ಶಾಲೆಯ ಗೆಳೆಯನೊಬ್ಬ ನವನಗರದ ಅಂಗಡಿಯಿಂದ ತಂದು ಗೇಟಿನ ಮೇಲೆ ಚೀಲ ತೂಗಹಾಕಿ ಹೋಗುತ್ತಿದ್ದ.

ದುಬೈಯಿಂದ ವಾಟ್ಸಾಪ್‌ನಲ್ಲಿ ಸಂದೇಶ ಕಳಿಸಬಹುದಿತ್ತೇ ಹೊರತು ಕರೆ ಮಾಡಲು ಬರುತ್ತಿರಲಿಲ್ಲ. ಅದಕ್ಕೆ ತಿಂಗಳಿಗೆ ಹಣ ಕಟ್ಟಿ ಬೋಟಿಮ್ ಎಂಬ ಆ್ಯಪ್ ಬಳಸಬೇಕಿತ್ತು. ಅರ್ಧ ಸಂಬಳದಲ್ಲಿ ಅದನ್ನು ನಿಲ್ಲಿಸಿ, ಧ್ವನಿ ಸಂದೇಶಗಳನ್ನು ಕಳಿಸತೊಡಗಿದೆ. ಅವ್ವನ ಸಂದೇಶ ದಿನವೂ ಒಂದೇ: "ಗುಳಿಗಿ ತೊಗೊಂಡಿಯೇನಪ? ಆರಾಮ ಅದಿಯಿಲ್ಲೋ?" ನಾನು ದಿನವೂ ಹೂಂ ಎನ್ನುತ್ತಿದ್ದೆ. ಅತ್ತ ಅಪ್ಪನ ಸಕ್ಕರೆ ಮುನ್ನೂರರ ಮೇಲೆ ಹೋದದ್ದನ್ನು ಅವಳೂ ನನಗೆ ಹೇಳಿರಲಿಲ್ಲ ಎಂಬುದು ನನಗೆ ಗೊತ್ತಾದದ್ದು ವರ್ಷದ ನಂತರ.

ಏಪ್ರಿಲ್ ಮೂರನೆಯ ವಾರದ ಒಂದು ಬೆಳಗ್ಗೆ ಎದ್ದು ನಿಂತಾಗ ಗೋಡೆ ತಿರುಗಿದಂತಾಯಿತು, ಮೂಗಿನಿಂದ ರಕ್ತ ಬಂತು. ಪಕ್ಕದ ಕೋಣೆಯ ಕೇರಳದ ನರ್ಸ್ ಒಬ್ಬರು ತಮ್ಮ ಯಂತ್ರ ತಂದು ನೋಡಿದರು: 178ಕ್ಕೆ 112. ಎಷ್ಟು ಗುಳಿಗೆ ಉಳಿದಿವೆ ಎಂದು ಕೇಳಿದಾಗ ನಾನು ಹೆಮ್ಮೆಯಿಂದಲೋ ಎಂಬಂತೆ ಆರು ಎಂದೆ. ಅವರು ಬೈಯಲಿಲ್ಲ. ನನ್ನ ವಿಮಾ ಕಾರ್ಡಿನ ಹಿಂಬದಿಯ ಸಂಖ್ಯೆಗೆ ತಾವೇ ಕರೆ ಮಾಡಿ, ಫೋನಿನಲ್ಲಿ ವೈದ್ಯರೊಬ್ಬರನ್ನು ಹಿಡಿದು, ಖಾಲಿಯಾದ ಗುಳಿಗೆ ಪಟ್ಟಿಯ ಹಿಂದಿದ್ದ ಔಷಧದ ಮೂಲ ಹೆಸರನ್ನು ಓದಿ ಹೇಳಿದರು. ಊರಿನ ಬ್ರ್ಯಾಂಡ್ ಹೆಸರು ಅಲ್ಲಿ ಯಾರಿಗೂ ತಿಳಿಯದು. ಮೂಲ ಹೆಸರು ಎಲ್ಲೆಡೆ ಒಂದೇ. ಸಂಜೆಯೊಳಗೆ ಗುಳಿಗೆ ಬಾಗಿಲಿಗೆ ಬಂತು. ಐದು ವರ್ಷಗಳ ಕಾಲ ನನ್ನ ಜೇಬಿನಲ್ಲಿದ್ದ ಆ ಕಾರ್ಡನ್ನು ನಾನು ಅಂದೇ ಮೊದಲ ಸಲ ಹೀಗೆ ಬಳಸಿದ್ದು.

ಎಲ್ಲರಿಗೂ ಆ ಅನುಕೂಲ ಉಳಿಯಲಿಲ್ಲ. ನಮ್ಮ ಕೋಣೆಯ ಜಮಖಂಡಿ ಕಡೆಯ ಗೆಳೆಯನನ್ನು ಮೇ ತಿಂಗಳಲ್ಲಿ ಕೆಲಸದಿಂದ ತೆಗೆದರು. ಅಲ್ಲಿ ವಿಮೆಗೆ ವೀಸಾದ, ವೀಸಾಕ್ಕೆ ಕೆಲಸದ ಗಂಟು ಬಿದ್ದಿರುತ್ತದೆ. ಕೆಲಸ ಕಳಚಿದರೆ ಉಳಿದೆರಡೂ ಹಿಂದೆಯೇ ಕಳಚುತ್ತವೆ. ಅವನಿಗೂ ಸಕ್ಕರೆ ಕಾಯಿಲೆಯಿತ್ತು. ನಾವು ಐವರೂ ಹಣ ಸೇರಿಸಿ ಅವನ ಔಷಧ ತಂದೆವು. ವಿದೇಶದಲ್ಲಿ ಸಿಕ್ಕಿಬಿದ್ದವರನ್ನು ಕರೆತರುವ ವಂದೇ ಭಾರತ್ ಯೋಜನೆಯ ಮೊದಲ ವಿಮಾನಗಳು ಮೇ 7ರಂದು ಕೇರಳಕ್ಕೆ ಹಾರಿದವು, ದುಬೈಯಿಂದ ಕರ್ನಾಟಕಕ್ಕೆ ಮೊದಲನೆಯದು ಮೇ 12ರಂದು ಮಂಗಳೂರಿಗೆ ಬಂತು. ಹೆಸರು ನೋಂದಾಯಿಸಿದ ಅವನಿಗೆ ಜೂನ್‌ನಲ್ಲಿ ಬೆಂಗಳೂರಿನ ವಿಮಾನ ಸಿಕ್ಕಿತು. ಟಿಕೆಟ್ಟಿನ ದುಡ್ಡು, ಬಂದ ಮೇಲೆ ಏಳು ದಿನದ ಹೋಟೆಲಿನ ಕ್ವಾರಂಟೈನ್ ದುಡ್ಡು, ಎರಡೂ ಅವನದೇ. ಜಮಖಂಡಿ ತಲುಪುವಾಗ ಅವನ ಬಳಿ ಉಳಿದದ್ದು ಒಂದು ಸೂಟ್‌ಕೇಸ್ ಮತ್ತು ಸಾಲ.

ನನಗೆ ರಜೆ ಸಿಕ್ಕಿದ್ದು 2021ರ ಮಾರ್ಚಿನಲ್ಲಿ. ಏಪ್ರಿಲ್ ಕೊನೆಗೆ ಯುಎಇ ಭಾರತದ ವಿಮಾನಗಳನ್ನು ತಡೆದು, ಈ ಸಲ ನಾನು ಊರಿನಲ್ಲಿ ಸಿಕ್ಕಿಹಾಕಿಕೊಂಡೆ. ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ವೀಸಾ ಹೋಗುತ್ತದೆ ಎಂಬ ನಿಯಮ ತಲೆಯ ಮೇಲೆ ತೂಗುತ್ತಿತ್ತು. ಕೋವಿಶೀಲ್ಡ್‌ನ ಎರಡನೆಯ ಡೋಸಿಗೆ 84 ದಿನ ಕಾಯಬೇಕಿತ್ತು. ಜೂನ್‌ನಲ್ಲಿ ವಿದೇಶಕ್ಕೆ ಹೋಗುವ ನೌಕರರಿಗೆ 28 ದಿನಕ್ಕೇ ಕೊಡಲು, ಪ್ರಮಾಣಪತ್ರದಲ್ಲಿ ಪಾಸ್‌ಪೋರ್ಟ್ ಸಂಖ್ಯೆ ನಮೂದಿಸಲು ಅವಕಾಶವಾಯಿತು. ಆ ಸಂಖ್ಯೆಯಲ್ಲಿ ಒಂದಂಕಿ ತಪ್ಪಿ ಬಿದ್ದು, ಅದನ್ನು ತಿದ್ದಿಸಲು ನಾಲ್ಕು ದಿನ ಅಲೆದೆ. ಆದರೂ ಆ ತಿಂಗಳುಗಳನ್ನು ನಾನು ದೂರುವುದಿಲ್ಲ. ಅಪ್ಪನನ್ನು ನಾನೇ ಕೈಹಿಡಿದು ಪರೀಕ್ಷೆಗೆ ಕರೆದೊಯ್ದದ್ದು ಆಗಲೇ.

ಇಳಕಲ್ಲಿನ ಹುಡುಗನಿಗೆ ಹೇಳಿದ್ದು ಇಷ್ಟು. ಮೂರು ತಿಂಗಳಿಗಿಂತ ಹೆಚ್ಚು ಔಷಧ ಒಯ್ಯಬೇಡ. ಮೂಲ ಹೆಸರಿರುವ, ವೈದ್ಯರ ಸಹಿಯ ಚೀಟಿ ಜೊತೆಗಿರಲಿ. ಕೋಡೀನ್ ಇರುವ ಕೆಮ್ಮಿನ ಔಷಧವನ್ನಾಗಲಿ ಟ್ರಮಡಾಲ್ ಎಂಬ ನೋವಿನ ಗುಳಿಗೆಯನ್ನಾಗಲಿ ಅಲ್ಲಿಯ ಆರೋಗ್ಯ ಇಲಾಖೆಯ ಅನುಮತಿಯಿಲ್ಲದೆ ಚೀಲದಲ್ಲಿ ಹಾಕಬೇಡ, ಜೈಲಾಗಬಹುದು. ನಾನು ಕಂಡ ಕನಿಷ್ಠ ವಿಮೆಯಲ್ಲಿ ಹೊಸಬರಿಗೆ ಹಳೆಯ ಕಾಯಿಲೆಗಳ ಖರ್ಚು ಮೊದಲ ಆರು ತಿಂಗಳು ಸಿಗುತ್ತಿರಲಿಲ್ಲ, ಆ ನಡುವಿನ ತಿಂಗಳುಗಳಿಗೆ ಮೊದಲ ಸಂಬಳದಿಂದಲೇ ಹಣ ತೆಗೆದಿಡು. ಹೊರಡುವ ಮುನ್ನ ಒಮ್ಮೆ ರಕ್ತ ಪರೀಕ್ಷೆ ಮಾಡಿಸು.

"ಎರಡು ವರ್ಷದಿಂದ ಅದೇ ಗುಳಿಗಿ ನಡದೈತಿ ಮಾವಾ, ಮತ್ಯಾಕ?" ಎಂದ. ಒತ್ತಾಯಿಸಿ ಕಳಿಸಿದೆ. ನಿನ್ನೆ ವರದಿಯ ಫೋಟೋ ಕಳಿಸಿದ್ದಾನೆ. ವೈದ್ಯರು ಡೋಸ್ ಬದಲಿಸಿದ್ದಾರಂತೆ.