ಕಂಪನಿ ಚೆನ್ನಾಗಿದೆ ಸರಿ, ರೇಟು?

ಕನ್ಸಲ್ಟಿಂಗ್‌ನಲ್ಲಿ ಪಳಗಿದವರು ಮ್ಯೂಚುವಲ್ ಫಂಡ್, ಪಿಎಂಎಸ್ (ಒಬ್ಬೊಬ್ಬ ಗ್ರಾಹಕರ ಹಣವನ್ನು ಪ್ರತ್ಯೇಕವಾಗಿ ಹೂಡುವ) ಕಂಪನಿಗಳ ಸಂದರ್ಶನಕ್ಕೆ ಹೋದಾಗ ಎಡವುವುದು ಸಾಮಾನ್ಯವಾಗಿ ಸ್ಟಾಕ್ ಪಿಚ್‌ನಲ್ಲಿ, ಅಂದರೆ ಒಂದು ಷೇರನ್ನು ಕೊಳ್ಳಬೇಕೋ ಬೇಡವೋ ಅಂತ ವಾದಿಸುವಾಗ. ಉದ್ಯಮ ಎಷ್ಟು ದೊಡ್ಡದು, ಎಷ್ಟು ಬೆಳೆಯುತ್ತೆ, ಕಂಪನಿಯ ಬಲ ಏನು ಅಂತ ಇಪ್ಪತ್ತು ಸ್ಲೈಡು ಇರುತ್ತವೆ. ಎದುರು ಕೂತವರು ಕೇಳುವುದು ಒಂದೇ ಮಾತು: ಇದೆಲ್ಲ ಈಗಿನ ಬೆಲೆಯಲ್ಲಿ ಆಗಲೇ ಸೇರಿಲ್ವಾ?

ಅದಕ್ಕೇ ಲೆಕ್ಕವನ್ನು ಬೆಲೆಯಿಂದ ಶುರುಮಾಡಿ. ಷೇರುಗಳ ಒಟ್ಟು ಮಾರುಕಟ್ಟೆ ಮೌಲ್ಯ 10,000 ಕೋಟಿ, ವರ್ಷದ ನಿವ್ವಳ ಲಾಭ 200 ಕೋಟಿ ಅಂದುಕೊಳ್ಳಿ. ಅಲ್ಲಿಗೆ ಪಿಇ (ಬೆಲೆ ಲಾಭದ ಎಷ್ಟು ಪಟ್ಟು ಅನ್ನುವ ಲೆಕ್ಕ) 50. ವರ್ಷಕ್ಕೆ ಶೇ. 12 ಗಳಿಕೆ ಬೇಕಾದರೆ ಹತ್ತು ವರ್ಷಕ್ಕೆ ಆ ಮೌಲ್ಯ ಸುಮಾರು 31,000 ಕೋಟಿ ಮುಟ್ಟಬೇಕು. ಅಷ್ಟೊತ್ತಿಗೆ ಪಿಇ 25ಕ್ಕೆ ಇಳಿದಿದ್ದರೆ ಲಾಭ 1,240 ಕೋಟಿ ಆಗಿರಬೇಕು. ಡಿವಿಡೆಂಡ್ ಬಿಟ್ಟು ಲೆಕ್ಕ ಹಾಕಿದರೆ, ಹತ್ತೂ ವರ್ಷ ಶೇ. 20ರ ಬೆಳವಣಿಗೆ. ನಿಮ್ಮ ಸ್ಲೈಡಿನಲ್ಲಿ ಉದ್ಯಮ ಶೇ. 13 ಬೆಳೆಯುತ್ತೆ ಅಂತಿದ್ದರೆ ಉಳಿದ ಏಳು ಎಲ್ಲಿಂದ? ಪಿಚ್ ಅಂದರೆ ಇದಕ್ಕೆ ಉತ್ತರ, ಎರಡು ಪುಟ ಸಾಕು. ಉತ್ತರ ಸಿಗದಿದ್ದರೆ 'ಈ ಬೆಲೆಗೆ ಬೇಡ' ಅನ್ನುವುದೂ ಒಳ್ಳೇ ಪಿಚ್ಚೇ.

ಇನ್ನೊಂದು ಚಾಳಿ, ಎಬಿಟ್ಡಾದಲ್ಲೇ (ಬಡ್ಡಿ, ತೆರಿಗೆ, ಸವಕಳಿ ಕಳೆಯುವ ಮೊದಲಿನ ಲಾಭ) ನಿಂತುಬಿಡುವುದು. ಬಟ್ಟೆ ಮಳಿಗೆಗಳ ಸರಣಿಯೊಂದನ್ನು ತಗೊಳ್ಳಿ. 2019ರ ಏಪ್ರಿಲ್‌ನಿಂದ ಜಾರಿಯಾದ ಇಂಡ್ ಎಎಸ್ 116 ಅನ್ನುವ ಲೆಕ್ಕಪತ್ರ ನಿಯಮದ ಪ್ರಕಾರ ದೀರ್ಘಾವಧಿಯ ನಿಗದಿತ ಬಾಡಿಗೆ ಖರ್ಚಿನಲ್ಲಿ ಬಾಡಿಗೆ ಅಂತ ಕಾಣುವುದೇ ಇಲ್ಲ; ಸವಕಳಿ, ಬಡ್ಡಿಯಾಗಿ ಒಡೆದುಹೋಗುತ್ತದೆ. 100 ಕೋಟಿ ಬಾಡಿಗೆ ಕಳೆದು 80 ಕೋಟಿ ಎಬಿಟ್ಡಾ ತೋರಿಸುತ್ತಿದ್ದ ಕಂಪನಿ ಈಗ 180 ತೋರಿಸುತ್ತದೆ, ಗಲ್ಲಾಪೆಟ್ಟಿಗೆಗೆ ಒಂದು ರೂಪಾಯಿ ಹೆಚ್ಚಿಗೆ ಬಂದಿರುವುದಿಲ್ಲ. ನಗದು ಹರಿವಿನ ಪಟ್ಟಿಯಲ್ಲೂ ಗುತ್ತಿಗೆ ಪಾವತಿ (ಇದೇ ಬಾಡಿಗೆ) ಕೊನೆಯ ಭಾಗದಲ್ಲಿ, ಹಣಕಾಸು ಚಟುವಟಿಕೆಗಳ ಅಡಿ ಕೂತಿರುತ್ತದೆ. ಕಾರ್ಯಾಚರಣೆಯ ನಗದಿನಿಂದ ಬಂಡವಾಳ ವೆಚ್ಚ ಒಂದನ್ನೇ ಕಳೆದು ಫ್ರೀ ಕ್ಯಾಶ್ (ಕೊನೆಗೆ ಕೈಯಲ್ಲಿ ಉಳಿಯುವ ನಗದು) ಅಂತ ಬರೆದರೆ ಸಂದರ್ಶನ ಅಲ್ಲಿಗೆ ಮುಗಿದಂತೆ. ಗುತ್ತಿಗೆಯ ಅಸಲು, ಬಡ್ಡಿ ಎರಡನ್ನೂ ಕಳೆಯಿರಿ.

ಹಳೇ ಕ್ಲೈಂಟಿನ ಷೇರನ್ನು ಪಿಚ್‌ಗೆ ಆರಿಸಲೇಬೇಡಿ. ಷೇರುಪೇಟೆಯ ನಿಯಂತ್ರಕ ಸೆಬಿಯ 2015ರ ಇನ್‌ಸೈಡರ್ ಟ್ರೇಡಿಂಗ್ (ಒಳಮಾಹಿತಿ ಇಟ್ಟುಕೊಂಡು ಷೇರು ವಹಿವಾಟು) ನಿಯಮಗಳು ಹಿಂದಿನ ಆರು ತಿಂಗಳಲ್ಲಿ ಕಂಪನಿಯ ಒಡನಾಟದಲ್ಲಿದ್ದವರನ್ನೂ ಹಿಡಿಯುತ್ತವೆ. ಆರು ತಿಂಗಳು ಕಳೆದರೂ, ಬಹಿರಂಗವಾಗದ ಬೆಲೆ-ಸೂಕ್ಷ್ಮ ಮಾಹಿತಿ ಕೈಯಲ್ಲಿದ್ದರೆ ಬಚಾವಿಲ್ಲ. ಅಂಥ ಮಾಹಿತಿ ಬಾಯಿಬಿಟ್ಟ ಅಭ್ಯರ್ಥಿಯನ್ನು ಯಾವ ಫಂಡೂ ಹತ್ತಿರ ಸೇರಿಸುವುದಿಲ್ಲ, ನಾಳೆ ತಮ್ಮದನ್ನೂ ಹೊರಗೆ ಹೇಳಿಯಾನು ಅಂತ.

ಪರೀಕ್ಷೆಗಳ ವಿಷಯ ಚಿಕ್ಕದು. ಸೆಬಿಯ ತರಬೇತಿ ಸಂಸ್ಥೆ ಎನ್‌ಐಎಸ್‌ಎಂನ ರಿಸರ್ಚ್ ಅನಲಿಸ್ಟ್ ಪರೀಕ್ಷೆಗೆ 60 ಅಂಕ ಬೇಕು, ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆ; ಮೊದಲು ಅದನ್ನು ಮುಗಿಸಿ. ಹೂಡಿಕೆ ವಿಶ್ಲೇಷಣೆಯ ಅಂತರರಾಷ್ಟ್ರೀಯ ಪರೀಕ್ಷೆ ಸಿಎಫ್‌ಎಯ ಮೂರು ಹಂತ ಪಾಸಾದರೂ ಚಾರ್ಟರ್ (ಅದರ ಅರ್ಹತಾಪತ್ರ) ಸಿಗಲು ಕನಿಷ್ಠ 36 ತಿಂಗಳಲ್ಲಿ 4,000 ಗಂಟೆಗಳ ಸಂಬಂಧಪಟ್ಟ ಕೆಲಸ ತೋರಿಸಬೇಕು. ಲೆಕ್ಕಪತ್ರ ಓದಲು ಬಾರದವರಿಗೆ ಅದರಿಂದ ಲಾಭವಿದೆ, ಆದರೆ ಪಿಚ್‌ಗೆ ಅದು ಬದಲಿಯಲ್ಲ. ಬೆಂಗಳೂರಿನಲ್ಲಿ ಪ್ರೇಮ್‌ಜಿ ಇನ್ವೆಸ್ಟ್, ಕ್ಯಾಟಮರಾನ್‌ನಂಥ ಹೂಡಿಕೆ ಸಂಸ್ಥೆಗಳು ಇವೆ. ಆದರೂ ಕುರ್ಚಿಗಳು ಹೆಚ್ಚಿರುವುದು ಮುಂಬೈಯಲ್ಲೇ.

ಕನ್ಸಲ್ಟಿಂಗ್‌ನ ಹಳೇ ವಿದ್ಯೆ ನಿಜವಾಗಿ ಕೈಹಿಡಿಯುವುದು ಫೋನಿನಲ್ಲಿ. ಪಂಪ್‌ಸೆಟ್ ಕಂಪನಿಯೊಂದರ ಮಾರಾಟ ಏರುತ್ತಿದೆ, ಡೀಲರುಗಳಿಂದ ದುಡ್ಡು ಬರಲು ಹಿಡಿಯುವ ದಿನಗಳೂ 45ರಿಂದ 75ಕ್ಕೆ ಏರಿವೆ ಅಂದರೆ ಮಾಲು ರೈತನ ಹೊಲಕ್ಕೆ ಹೋಗದೆ ಡೀಲರ್‌ನ ಗೋದಾಮಿನಲ್ಲೇ ಬಿದ್ದಿರಬಹುದು. ನಮ್ಮಲ್ಲಿ ಲಾಭ-ನಷ್ಟದ ಲೆಕ್ಕ ಮೂರು ತಿಂಗಳಿಗೊಮ್ಮೆ ಬಂದರೂ ಬ್ಯಾಲೆನ್ಸ್ ಶೀಟ್ ಕಡ್ಡಾಯವಾಗಿ ಬರುವುದು ಸೆಪ್ಟೆಂಬರ್, ಮಾರ್ಚ್ ಫಲಿತಾಂಶಗಳ ಜತೆ ಮಾತ್ರ. ನಡುವೆ ಗೊತ್ತಾಗಬೇಕಾದರೆ ನಾಲ್ಕಾರು ಜಿಲ್ಲೆಗಳ ಡೀಲರುಗಳನ್ನೇ ಕೇಳಬೇಕು: ಉದ್ರಿ ಎಷ್ಟು ದಿನ ಕೊಡ್ತಿದ್ದಾರೆ, ಎಷ್ಟು ದಿನದ ಸ್ಟಾಕ್ ಉಳಿದಿದೆ, ಸ್ಕೀಮ್ ಹಣ (ಮಾರಾಟಕ್ಕೆ ಕಂಪನಿ ಕೊಡುವ ಪ್ರೋತ್ಸಾಹಧನ) ಸರಿಯಾಗಿ ಬಂತಾ? ಪಿಚ್‌ನ ಕೊನೇ ಸಾಲಿನಲ್ಲಿ, ಡೀಲರುಗಳಿಂದ ದುಡ್ಡು ಬರಲು ಹಿಡಿಯುವ ಈ ದಿನಗಳು ಎಷ್ಟು ದಾಟಿದರೆ ಷೇರು ಮಾರುತ್ತೇನೆ ಅನ್ನುವ ಅಂಕಿ ಇರಲಿ.